ಬಿಸಿಲನ್ನು ರಾತ್ರಿಗೆ ಯಾವುದರಲ್ಲಿ ಕೂಡಿಡುವುದು?

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಒಂದು ಹತ್ತು ನಿಮಿಷ ನಿಂತು ನೋಡಿ. ಒಲೆಯ ಮೇಲೆ ಬಾಣಲೆ, ಅದರಲ್ಲಿ ಕಾದ ಮರಳು. ಉಪ್ಪುನೀರಿನಲ್ಲಿ ಹದ ಮಾಡಿದ ಅಕ್ಕಿಯನ್ನು ಆ ಮರಳಿಗೆ ಸುರಿದು ನಾಲ್ಕು ಸಲ ಕೈಯಾಡಿಸುತ್ತಾರೆ. ಅಷ್ಟರಲ್ಲೇ ಅಕ್ಕಿ ಪಟಪಟ ಅರಳಿ ಬೆಳ್ಳಗೆ ಉಬ್ಬುತ್ತದೆ. ಜರಡಿ ಹಾಕಿ ಎತ್ತಿದರೆ ಮಂಡಕ್ಕಿ ಮೇಲೆ ನಿಲ್ಲುತ್ತದೆ, ಮರಳು ವಾಪಸ್ ಬಾಣಲೆಗೆ ಬೀಳುತ್ತದೆ. ಮತ್ತೆ ಅದೇ ಮರಳು, ಮತ್ತೆ ಹೊಸ ಅಕ್ಕಿ. ದಿನವಿಡೀ ಹೀಗೇ.

ಇಲ್ಲಿ ಮರಳಿನ ಕೆಲಸ ಏನು? ಬೆಂಕಿಯ ಶಾಖ ಹಿಡಿದಿಟ್ಟುಕೊಂಡು, ಬೇಕಾದಾಗ ಬೇಕಾದ ಕಡೆ ಕೊಡುವುದು. ಮರಳು ಕರಗುವುದಿಲ್ಲ, ಸುಡುವುದಿಲ್ಲ, ಬಾಣಲೆಯನ್ನು ತಿನ್ನುವುದಿಲ್ಲ. ಬಿಸಿಲಿನಿಂದ ಕರೆಂಟು ಮಾಡುವ ಎಂಜಿನಿಯರುಗಳು ಎಷ್ಟೋ ವರ್ಷಗಳಿಂದ ಹುಡುಕುತ್ತಿರುವುದೂ ಇಂಥದ್ದೇ ಒಂದು ವಸ್ತುವನ್ನು. ಆದರೆ ಅವರಿಗೆ ಬೇಕಾದದ್ದು ಬಾಣಲೆಗಟ್ಟಲೆ ಅಲ್ಲ, ಸಾವಿರಾರು ಟನ್ನುಗಟ್ಟಲೆ. ಅದೂ ದಿನಾ ಕಾದು, ದಿನಾ ಆರಿ, ಮೂವತ್ತು ವರ್ಷ ಬಾಳಬೇಕು.

ಪಾವಗಡದ ಸೋಲಾರ್ ಪಾರ್ಕ್ ನೋಡಿದವರಿಗೆ ಒಂದು ಅನುಮಾನ ಬರಬಹುದು. 2,050 ಮೆಗಾವ್ಯಾಟಿನ ಅಷ್ಟು ದೊಡ್ಡ ಪಾರ್ಕಿನಲ್ಲಿ ಶಾಖ ಕೂಡಿಡುವ ಮಾತೇ ಇಲ್ಲವಲ್ಲ? ಅಲ್ಲಿರುವುದು ಬೆಳಕನ್ನು ನೇರವಾಗಿ ಕರೆಂಟು ಮಾಡುವ ಪ್ಯಾನೆಲ್‌ಗಳು. ಸೂರ್ಯ ಮುಳುಗಿದರೆ ಅವುಗಳ ಕೆಲಸವೂ ಮುಗಿಯಿತು. ನಾನು ಹೇಳುತ್ತಿರುವುದು ಇನ್ನೊಂದು ದಾರಿ. ನೂರಾರು, ಸಾವಿರಾರು ಕನ್ನಡಿಗಳು ಬಿಸಿಲನ್ನು ಒಂದೇ ಕಡೆಗೆ ತಿರುಗಿಸುತ್ತವೆ. ಅಲ್ಲಿ ಏನನ್ನೋ ಕಾಯಿಸುತ್ತಾರೆ. ಆ ಶಾಖದಿಂದ ಹಬೆ ಎಬ್ಬಿಸಿ ಟರ್ಬೈನ್ ತಿರುಗಿಸುತ್ತಾರೆ. ಈ ದಾರಿಯ ದೊಡ್ಡ ಲಾಭ ಎಂದರೆ, ಕಾಯಿಸಿದ್ದನ್ನು ಹಾಗೇ ಮುಚ್ಚಿಟ್ಟು ರಾತ್ರಿ ಹೊತ್ತು ಬಳಸಬಹುದು. ಕರೆಂಟು ಕೂಡಿಡುವುದಕ್ಕಿಂತ ಬಿಸಿ ಕೂಡಿಡುವುದು ಸುಲಭ. ಮನೆಯ ಫ್ಲಾಸ್ಕ್ ಮಾಡುವುದೂ ಅದನ್ನೇ ಅಲ್ವಾ?

ಹಾಗಾದರೆ ಕೂಡಿಡುವುದು ಯಾವುದರಲ್ಲಿ? ಒಂದೊಂದೇ ವಸ್ತು ನೋಡುತ್ತಾ ಹೋದಂತೆ ನನಗೆ ಗೊತ್ತಾದದ್ದು ಇದು: ಶಾಖ ಹಿಡಿದುಕೊಳ್ಳುವ ವಸ್ತು ಬೇಕಾದಷ್ಟಿವೆ. ಅದನ್ನು ಹಿಡಿದುಕೊಳ್ಳುವ ಪಾತ್ರೆ ಮಾಡುವುದೇ ಕಷ್ಟ.

ನೀರು ಏಕೆ ಸಾಲದು

ಒಂದು ಕಿಲೋ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. ಕಲ್ಲು, ಮರಳಿಗೆ ಒಂದು ಕಿಲೋಜೂಲೂ ಬೇಡ. ಅಂದರೆ ಡಿಗ್ರಿ ಲೆಕ್ಕದಲ್ಲಿ ಶಾಖ ತುಂಬಿಕೊಳ್ಳುವುದರಲ್ಲಿ ನೀರಿನ ಮುಂದೆ ನಿಲ್ಲುವ ವಸ್ತುಗಳು ತೀರಾ ಕಡಿಮೆ. ಬೆಲೆಯೂ ಕಡಿಮೆ. ಬಚ್ಚಲ ಹಂಡೆಗೆ ಇದಕ್ಕಿಂತ ಒಳ್ಳೆಯದು ಇನ್ನೇನಿದೆ?

ಆದರೆ ಕರೆಂಟಿಗೆ ಬರೀ ಜಾಸ್ತಿ ಶಾಖ ಇದ್ದರೆ ಸಾಲದು, ಜಾಸ್ತಿ ಉಷ್ಣತೆ ಬೇಕು. ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ಇದಕ್ಕೆ ಬುನಾದಿ ಹಾಕಿಕೊಟ್ಟ. ಹೊರಗೆ 40 ಡಿಗ್ರಿ ಇದೆ ಅಂದುಕೊಳ್ಳಿ. 100 ಡಿಗ್ರಿ ಬಿಸಿಯಿಂದ ಎಂಥ ಯಂತ್ರ ಇಟ್ಟರೂ ನೂರರಲ್ಲಿ 16 ಪಾಲಿಗಿಂತ ಹೆಚ್ಚು ಕೆಲಸ ತೆಗೆಯಲು ಆಗುವುದಿಲ್ಲ. 565 ಡಿಗ್ರಿ ಇದ್ದರೆ ಆ ಮಿತಿ 62ಕ್ಕೆ ಏರುತ್ತದೆ. ನಿಜವಾದ ಟರ್ಬೈನುಗಳಿಗೆ ಸಿಗುವುದು 40ರ ಆಸುಪಾಸು. ಅದೂ ಕಡಿಮೆಯೇನಲ್ಲ.

ನೀರನ್ನು ಅಷ್ಟು ಕಾಯಿಸಲು ಹೋದರೆ ಹಬೆಯಾಗುತ್ತದೆ. ಹಬೆಯಾಗದಂತೆ ತಡೆಯಲು ಒತ್ತಿ ಹಿಡಿಯಬೇಕು. 300 ಡಿಗ್ರಿಯಲ್ಲಿ ನೀರು ನೀರಾಗಿಯೇ ಇರಬೇಕೆಂದರೆ 86 ಬಾರ್ ಒತ್ತಡ ಬೇಕು. ಅಡುಗೆಮನೆಯ ಕುಕ್ಕರ್ ಒಳಗಿರುವುದು ಎರಡು ಬಾರ್. 374 ಡಿಗ್ರಿ ದಾಟಿದರಂತೂ ಎಷ್ಟೇ ಒತ್ತಿದರೂ ಅದು ನೀರಾಗಿ ಉಳಿಯುವುದಿಲ್ಲ. ಸಾವಿರಾರು ಟನ್ ನೀರಿಗೆ ಅಂಥ ಕುಕ್ಕರ್ ಕಟ್ಟುವವರು ಯಾರು? ನೀರು ಸೋತದ್ದು ಶಾಖ ಹಿಡಿಯುವುದರಲ್ಲಿ ಅಲ್ಲ, ಪಾತ್ರೆಯಲ್ಲಿ.

ರೈತರಿಗೆ ಗೊತ್ತಿರುವ ಉಪ್ಪು

ಈಗ ಪ್ರಪಂಚದಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಕರಗಿದ ಉಪ್ಪು. ಊಟದ ಉಪ್ಪಲ್ಲ. ನೂರು ಕಿಲೋದಲ್ಲಿ 60 ಕಿಲೋ ಸೋಡಿಯಂ ನೈಟ್ರೇಟ್, 40 ಕಿಲೋ ಪೊಟ್ಯಾಸಿಯಂ ನೈಟ್ರೇಟ್. ಎರಡನೆಯದು ನಮ್ಮ ಹಳೆಯ ಪೆಟ್ಲುಪ್ಪು, ಮದ್ದುಗುಂಡಿಗೆ ಹಾಕುತ್ತಿದ್ದದ್ದು. ವಿಜಯಪುರದ ದ್ರಾಕ್ಷಿ ಬೆಳೆಗಾರರನ್ನು ಕೇಳಿದರೆ "ಹದಿಮೂರು ಸೊನ್ನೆ ನಲವತ್ತೈದು" ಅನ್ನುತ್ತಾರೆ. ಡ್ರಿಪ್‌ನಲ್ಲಿ ಬಿಡುವ ಆ ಬಿಳಿ ಗೊಬ್ಬರ ಇದೇ.

ಈ ಮಿಶ್ರಣ 240 ಡಿಗ್ರಿ ದಾಟುವಷ್ಟರಲ್ಲಿ ಪೂರ್ತಿ ಕರಗಿ, ನೀರಿನಷ್ಟೇ ತೆಳುವಾಗಿ ಹರಿಯುತ್ತದೆ. ಪಂಪು ಹಾಕಿ ಎತ್ತಬಹುದು. ಬೆಂಕಿ ಹತ್ತುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, 565 ಡಿಗ್ರಿಯಲ್ಲೂ ಅದಕ್ಕೆ ಒತ್ತಡ ಬೇಡ. ಮುಚ್ಚಳ ಇರುವ ದೊಡ್ಡ ಟ್ಯಾಂಕ್ ಸಾಕು.

ಕೆಲಸ ನಡೆಯುವುದು ಹೀಗೆ. ಎರಡು ಟ್ಯಾಂಕ್ ಇರುತ್ತವೆ. ಒಂದನ್ನು 'ತಣ್ಣನೆಯ' ಟ್ಯಾಂಕ್ ಅನ್ನುತ್ತಾರೆ, ಅದರ ತಣ್ಣಗೆ ಎಂದರೆ 290 ಡಿಗ್ರಿ! ಬೆಳಗ್ಗೆ ಅಲ್ಲಿಂದ ಉಪ್ಪನ್ನು, ಕನ್ನಡಿಗಳು ಬಿಸಿಲು ತಿರುಗಿಸುವ ಎತ್ತರದ ಗೋಪುರದ ತುದಿಗೆ ಏರಿಸುತ್ತಾರೆ. ಕನ್ನಡಿಗಳ ಬಿಸಿಲು ಬೀಳುವ ಕೊಳವೆಗಳಲ್ಲಿ ಹರಿದು, 565 ಡಿಗ್ರಿ ಕಾದು, ಕೆಳಗಿಳಿದು ಬಿಸಿ ಟ್ಯಾಂಕ್ ಸೇರುತ್ತದೆ. ಸಂಜೆ ಕರೆಂಟಿಗೆ ಬೇಡಿಕೆ ಏರಿದಾಗ ಆ ಬಿಸಿ ಉಪ್ಪಿನಿಂದ ಹಬೆ ಮಾಡಿಕೊಂಡು, ಉಪ್ಪನ್ನು ವಾಪಸ್ ತಣ್ಣನೆಯ ಟ್ಯಾಂಕಿಗೆ ಬಿಡುತ್ತಾರೆ. ಉಪ್ಪು ಖರ್ಚಾಗುವುದಿಲ್ಲ. ಭಟ್ಟಿಯ ಮರಳಿನ ಹಾಗೇ.

ಒಂದು ಲೆಕ್ಕ ಹಾಕೋಣ. ಈ ಉಪ್ಪಿಗೆ ಕಿಲೋಗೆ, ಡಿಗ್ರಿಗೆ ಸುಮಾರು 1.5 ಕಿಲೋಜೂಲ್. 565ರಿಂದ 290ಕ್ಕೆ ಇಳಿಯುವಾಗ 275 ಡಿಗ್ರಿ. ಅಂದರೆ ಒಂದು ಕಿಲೋ ಉಪ್ಪು 412 ಕಿಲೋಜೂಲ್ ಕೊಡುತ್ತದೆ. ಅದರಲ್ಲಿ ನೂರಕ್ಕೆ 40 ಪಾಲು ಕರೆಂಟಾದರೆ 9 ವ್ಯಾಟಿನ ಎಲ್‌ಇಡಿ ಬಲ್ಬು ಐದು ಗಂಟೆ ಉರಿಯುತ್ತದೆ. ಒಂದು ಕಿಲೋ ಉಪ್ಪು, ಒಂದು ಬಲ್ಬು, ಸಂಜೆಯಿಂದ ಮಲಗುವವರೆಗೆ. ನನಗಂತೂ ಈ ಲೆಕ್ಕ ತುಂಬಾ ಇಷ್ಟ.

ಬಿಸಿ ಆರಿಹೋಗುವುದಿಲ್ಲವೇ? ಲೋಟದ ಕಾಫಿ ಹತ್ತು ನಿಮಿಷಕ್ಕೆ ಆರುತ್ತದೆ, ಹಂಡೆಯ ನೀರು ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ಪಾತ್ರೆ ದೊಡ್ಡದಾದಷ್ಟೂ ಒಳಗಿನ ಬಿಸಿಗೆ ಹೋಲಿಸಿದರೆ ಹೊರಮೈ ಕಡಿಮೆ. ಅದಕ್ಕೇ ದಪ್ಪ ಹೊದಿಕೆ ಹಾಕಿದ ಈ ದೈತ್ಯ ಟ್ಯಾಂಕುಗಳು ದಿನಕ್ಕೆ ಕಳೆದುಕೊಳ್ಳುವುದು ಒಂದೆರಡು ಡಿಗ್ರಿ ಅಷ್ಟೇ.

ಸ್ಪೇನಿನ ಗ್ರನಾಡಾ ಪ್ರಾಂತದ ಅಂದಾಸೋಲ್ 1 ಸ್ಥಾವರದಲ್ಲಿ 28,500 ಟನ್ ಉಪ್ಪಿದೆ. ಟ್ಯಾಂಕುಗಳ ಎತ್ತರ 14 ಮೀಟರ್, ಅಗಲ 36 ಮೀಟರ್. 50 ಮೆಗಾವ್ಯಾಟ್ ಕರೆಂಟನ್ನು ಏಳೂವರೆ ಗಂಟೆ ಕೊಡುವಷ್ಟು ಶಾಖ ಅದರಲ್ಲಿ ಕೂರುತ್ತದೆ. ಆದರೆ ಅಲ್ಲಿ ಬಿಸಿಲಿಗೆ ಕಾಯುವುದು ಎಣ್ಣೆ. ಆ ಎಣ್ಣೆ 400 ಡಿಗ್ರಿ ಹತ್ತಿರ ಕೆಡಲು ಶುರುವಾಗುತ್ತದೆ. ಹಾಗಾಗಿ ಉಪ್ಪೂ 290ರಿಂದ 385ರ ನಡುವೆಯೇ ಓಡಾಡಬೇಕು. ಒಂದು ಕಿಲೋ ಉಪ್ಪಿನಿಂದ ಗೋಪುರದ ಸ್ಥಾವರದಲ್ಲಿ ಸಿಗುವುದರ ಮೂರನೇ ಒಂದು ಪಾಲು ಮಾತ್ರ ಇಲ್ಲಿ ಸಿಗುತ್ತದೆ. ಎಣ್ಣೆ ಬಿಟ್ಟು ಉಪ್ಪನ್ನೇ ನೇರ ಬಿಸಿಲಿಗೆ ಒಡ್ಡಿದ್ದು ಸೆವಿಲ್ಲೆ ಹತ್ತಿರದ ಹೆಮಾಸೋಲಾರ್, 2011ರಲ್ಲಿ. ಹದಿನೈದು ಗಂಟೆಗೆ ಸಾಲುವ ಶಾಖ ಅಲ್ಲಿ ಕೂಡಿಡಬಹುದು. 2013ರಲ್ಲಿ ಆ ಸ್ಥಾವರ 36 ದಿನ ಹಗಲೂ ರಾತ್ರಿ ನಿಲ್ಲದೆ ಕರೆಂಟು ಕೊಟ್ಟಿತು. ಬಿಸಿಲಿನಿಂದ ನಡುರಾತ್ರಿಯಲ್ಲಿ, ಅದೂ ಒಂದು ತಿಂಗಳಿಗಿಂತ ಹೆಚ್ಚು ದಿನ!

ಇನ್ನು ಕಷ್ಟಗಳು. ಡಿಸೆಂಬರ್ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದಲ್ಲ, ಈ ಉಪ್ಪಿಗೆ 220 ಡಿಗ್ರಿಯೇ ಡಿಸೆಂಬರ್. ಕೊಳವೆಯಲ್ಲಿ ಒಮ್ಮೆ ಗಟ್ಟಿಯಾದರೆ ಬಿಡಿಸುವುದು ದೊಡ್ಡ ತಲೆನೋವು. ಅದಕ್ಕೇ ಸಂಜೆಯಾದ ಕೂಡಲೇ ಗೋಪುರದ ಕೊಳವೆಗಳನ್ನು ಪೂರ್ತಿ ಖಾಲಿ ಮಾಡುತ್ತಾರೆ. ಮಿಕ್ಕ ಕೊಳವೆಗಳಿಗೆ ಕರೆಂಟಿನ ಹೀಟರ್ ತಂತಿ ಸುತ್ತಿರುತ್ತಾರೆ.

ಅದಕ್ಕಿಂತ ದೊಡ್ಡ ಕಷ್ಟ ಟ್ಯಾಂಕಿನ ತಳ. ಕಬ್ಬಿಣ ಕಾದರೆ ಹಿಗ್ಗುತ್ತದೆ, ಗೊತ್ತಲ್ಲ. 40 ಮೀಟರ್ ಅಗಲದ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕನ್ನು 565 ಡಿಗ್ರಿಗೆ ಕಾಯಿಸಿದರೆ ಅದು ಒಂದೂಕಾಲು ಅಡಿಯಷ್ಟು ಅಗಲವಾಗುತ್ತದೆ. ಮೇಲೆ ಸಾವಿರಾರು ಟನ್ ಉಪ್ಪಿನ ಭಾರ, ಕೆಳಗೆ ಅಡಿಪಾಯ. ನಡುವೆ ತಳದ ತಗಡು ಜಾರಿಕೊಂಡು ಹಿಗ್ಗಬೇಕು, ಜಾರಿಕೊಂಡು ಕುಗ್ಗಬೇಕು. ಎಲ್ಲೋ ಒಂದು ಕಡೆ ಕಚ್ಚಿಕೊಂಡರೆ ತಗಡು ಮಡಚುತ್ತದೆ, ಬೆಸುಗೆ ಬಿಡುತ್ತದೆ. ಅಮೆರಿಕದ ನೆವಾಡಾದ ಕ್ರೆಸೆಂಟ್ ಡ್ಯೂನ್ಸ್‌ನಲ್ಲಿ 2016ರಲ್ಲಿ ಬಿಸಿ ಟ್ಯಾಂಕ್ ಸೋರಿ ಸ್ಥಾವರ ಎಂಟು ತಿಂಗಳು ನಿಂತಿತ್ತು. 2024ರಲ್ಲಿ ಮೊರಾಕೊದ ನೂರ್ 3 ಸ್ಥಾವರದಲ್ಲೂ ಬಿಸಿ ಟ್ಯಾಂಕ್ ಸೋರಿತು. ಎರಡೂ ಕಡೆ ಸೋರಿದ್ದು ಪಾತ್ರೆ.

600 ಡಿಗ್ರಿಯ ಆಚೆ

ನೈಟ್ರೇಟ್ ಉಪ್ಪನ್ನು 600 ಡಿಗ್ರಿ ದಾಟಿಸಿದರೆ ಅದು ಒಡೆಯುತ್ತದೆ. ಆಮ್ಲಜನಕ ಬಿಡುತ್ತದೆ, ಪಾತ್ರೆ ತಿನ್ನಲು ಶುರುಮಾಡುತ್ತದೆ. ಆದರೆ ಎಂಜಿನಿಯರುಗಳ ಕಣ್ಣು 700 ಡಿಗ್ರಿಯ ಮೇಲಿದೆ. ಹಬೆಯ ಬದಲು, ಒತ್ತಿ ದಟ್ಟವಾಗಿಸಿದ ಕಾರ್ಬನ್ ಡೈಆಕ್ಸೈಡ್‌ನಿಂದ ಟರ್ಬೈನ್ ತಿರುಗಿಸುವ ಪ್ರಯತ್ನ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದರ ಪ್ರಯೋಗದ ಯಂತ್ರಸಾಲು ಇದೆ. ಅಂಥ ಟರ್ಬೈನ್ ಚಿಕ್ಕದಾಗಿರುತ್ತದೆ, ಜಾಸ್ತಿ ಕರೆಂಟು ಕೊಡುತ್ತದೆ. ಆದರೆ ಅದಕ್ಕೆ ಬಿಸಿಯೂ ಜಾಸ್ತಿ ಬೇಕು.

ಕ್ಲೋರೈಡ್ ಉಪ್ಪುಗಳು 800 ಡಿಗ್ರಿಗೂ ಜಗ್ಗುವುದಿಲ್ಲ. ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ಕ್ಲೋರೈಡ್‌ಗಳ ಮಿಶ್ರಣ ಅಗ್ಗವೂ ಹೌದು. ಸಮಸ್ಯೆ ಇರುವುದು ಮೆಗ್ನೀಸಿಯಂ ಕ್ಲೋರೈಡ್‌ನಲ್ಲಿ. ಮಳೆಗಾಲದಲ್ಲಿ ಕಲ್ಲುಪ್ಪು ನೀರು ಬಿಡುತ್ತದಲ್ಲ, ಅದರಲ್ಲಿ ಇದರ ಕೈವಾಡವೂ ಇದೆ. ಗಾಳಿಯ ತೇವ ಎಳೆದುಕೊಳ್ಳುವುದು ಅದರ ಗುಣ. ಆ ತೇವದ ಜೊತೆ ಕಾದಾಗ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಉಕ್ಕಿಗೆ ಅದಕ್ಕಿಂತ ಕೆಟ್ಟದ್ದು ಬೇಕೆ? ಒಂದು ಹನಿ ತೇವ, ಒಂಚೂರು ಗಾಳಿ ಒಳಗೆ ಹೋಗದ ಹಾಗೆ ಟ್ಯಾಂಕ್ ಕಟ್ಟಬೇಕು. ಮತ್ತೆ ಪಾತ್ರೆಯ ಮಾತೇ.

ಹಾಗಾಗಿ ಎಷ್ಟೋ ಜನ ಮರಳಿಗೆ ವಾಪಸ್ ಬಂದರು. ಅಮೆರಿಕದ ಆಲ್ಬುಕರ್ಕಿಯ ಸ್ಯಾಂಡಿಯಾ ಪ್ರಯೋಗಾಲಯದಲ್ಲಿ ಮಾಡುವುದನ್ನು ಕಣ್ಣಿಗೆ ಕಟ್ಟಿಕೊಳ್ಳಬೇಕಾದರೆ ಕಣದಲ್ಲಿ ರಾಗಿ ತೂರುವುದನ್ನು ನೆನೆಸಿಕೊಳ್ಳಿ. ಮೊರದಿಂದ ಕಾಳು ತೆಳ್ಳಗೆ ಪರದೆಯಂತೆ ಇಳಿಯುತ್ತದಲ್ಲ, ಹಾಗೆ ಗೋಪುರದ ಮೇಲಿಂದ ಸಣ್ಣ ಸಣ್ಣ ಪಿಂಗಾಣಿಯಂಥ ಕಾಳುಗಳನ್ನು ಬಿಡುತ್ತಾರೆ. ಬಾಕ್ಸೈಟ್ ಅದಿರನ್ನು ಸುಟ್ಟು ಮಾಡಿದ ಕಪ್ಪು ಕಾಳುಗಳು. ಬೀಳುವ ದಾರಿಯಲ್ಲೇ ಕನ್ನಡಿಗಳ ಬಿಸಿಲು ಅವುಗಳಿಗೆ ಬಡಿಯುತ್ತದೆ. ನಡುವೆ ಕೊಳವೆಯಿಲ್ಲ, ಗಾಜಿಲ್ಲ. ಕೆಳಗೆ ಬೀಳುವಷ್ಟರಲ್ಲಿ 700 ಡಿಗ್ರಿಗೂ ಹೆಚ್ಚು ಕಾದಿರುತ್ತವೆ. ಕಾಳು ಹೆಪ್ಪುಗಟ್ಟುವ ಭಯವಿಲ್ಲ, 1,000 ಡಿಗ್ರಿಯಲ್ಲೂ ಕಾಳು ಕಾಳೇ. ಅಮೆರಿಕದ ಇಂಧನ ಇಲಾಖೆ ಕರಗಿದ ಉಪ್ಪು, ಅನಿಲ, ಕಾಳು ಮೂರನ್ನೂ ತೂಗಿ ನೋಡಿ 2021ರಲ್ಲಿ ಕಾಳಿನ ದಾರಿಯನ್ನೇ ಆರಿಸಿಕೊಂಡಿತು.

ಆದರೆ ಕಾಳು ನೀರಿನ ಹಾಗೆ ಹರಿಯುವುದಿಲ್ಲ. ಪಂಪಿನಲ್ಲಿ ಎತ್ತಲು ಆಗುವುದಿಲ್ಲ, ಬಕೆಟ್ ಸಾಲಿನಲ್ಲಿ ಎತ್ತಬೇಕು. ಉಜ್ಜಿ ಉಜ್ಜಿ ಲೋಹ ಸವೆಯುತ್ತದೆ, ಕಾಳೂ ಸವೆದು ಧೂಳಾಗುತ್ತದೆ. ಕಾಳಿನಿಂದ ಟರ್ಬೈನಿಗೆ ಹೋಗುವ ಅನಿಲದ ಕೊಳವೆಗೆ ಶಾಖ ದಾಟುವುದೂ ನಿಧಾನ. ಮಂಡಕ್ಕಿ ಭಟ್ಟಿಯವರು ಬಿಡದೆ ಕೈಯಾಡಿಸುವುದು ಸುಮ್ನೆ ಅಲ್ಲ!

ಕಲ್ಲುಗಳನ್ನು ಗುಡ್ಡೆ ಹಾಕಿ ಅದರೊಳಗೆ ಬಿಸಿ ಗಾಳಿ ಊದುವುದು ಇನ್ನೊಂದು ಉಪಾಯ. ಮೊರಾಕೊದ ಐತ್ ಬಹಾದಲ್ಲಿ ಬಿಸಿಲಿಗೆ ಕಾಯಿಸಿದ ಗಾಳಿಯಿಂದ ಇದನ್ನು ಮಾಡಿ ತೋರಿಸಿದ್ದಾರೆ. ಜಲ್ಲಿಕಲ್ಲಿಗೆ ಎಷ್ಟು ಮಹಾ ಬೆಲೆ? ಆದರೆ ಇಲ್ಲೂ ಒಂದು ಸೂಕ್ಷ್ಮ ಇದೆ. ಸೇರಿನಲ್ಲಿ ರಾಗಿ ಅಳೆಯುವಾಗ ಸೇರನ್ನು ಸ್ವಲ್ಪ ಅಲುಗಾಡಿಸಿದರೆ ರಾಗಿ ಕೂರುತ್ತದೆ, ಇನ್ನೂ ಒಂದು ಹಿಡಿ ಹಿಡಿಸುತ್ತದೆ. ಲೋಹದ ಟ್ಯಾಂಕ್ ಕಾದು ಅಗಲವಾದಾಗ ಒಳಗಿನ ಕಲ್ಲುಗಳೂ ಹಾಗೇ ಕುಸಿದು ಕೂರುತ್ತವೆ. ಆಮೇಲೆ ಟ್ಯಾಂಕ್ ಆರಿ ಕುಗ್ಗಬೇಕು, ಆದರೆ ಕಲ್ಲು ಮೇಲೆ ಸರಿಯುವುದಿಲ್ಲ. ದಿನಕ್ಕೊಂದು ಸಲ ಹೀಗೆ ಬಿಗಿಯುತ್ತಾ ಹೋದರೆ ಕೊನೆಗೆ ಗೋಡೆಯೇ ಬಿರಿಯಬಹುದು. ಅದಕ್ಕೇ ಕೆಲವು ಕಡೆ ಗೋಡೆಯನ್ನು ಇಳಿಜಾರಾಗಿ ಕಟ್ಟುತ್ತಾರೆ. ಒತ್ತಡ ಬಿದ್ದಾಗ ಕಲ್ಲು ಮೇಲಕ್ಕೆ ಜಾರಿಕೊಳ್ಳಲಿ ಎಂದು.

ಮರಿಗೆಯ ಕಲ್ಲು, ಕಾವಲಿಯ ಬೀಡು

ಬಳಪದ ಕಲ್ಲಿನ ಮರಿಗೆಯಲ್ಲಿ ಹುಳಿ ಮಾಡಿದವರಿಗೆ ಒಂದು ಗೊತ್ತಿರುತ್ತದೆ. ಒಲೆಯಿಂದ ಇಳಿಸಿದ ಮೇಲೂ ಹುಳಿ ಕುದಿಯುತ್ತಲೇ ಇರುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಗಳ ಕಲ್ಲೂ ಇದೇ ಜಾತಿಯದು. ಫಿನ್‌ಲ್ಯಾಂಡಿನವರು ಮನೆಯ ಅಗ್ಗಿಷ್ಟಿಕೆ ಕಟ್ಟುವುದು ಇದೇ ಕಲ್ಲಿನಲ್ಲಿ. ಆ ಕಲ್ಲಿನ ಕೆಲಸದಲ್ಲಿ ಉಳಿದ ಚೂರುಗಳನ್ನೇ ಪುಡಿ ಮಾಡಿ, 2025ರಲ್ಲಿ ಪೊರ್ನಾಯಿನೆನ್ ಎಂಬ ಊರಿನಲ್ಲಿ 2,000 ಟನ್ನಿನ ಶಾಖದ ಗೋದಾಮು ಮಾಡಿದ್ದಾರೆ. 100 ಮೆಗಾವ್ಯಾಟ್ ಗಂಟೆಯಷ್ಟು ಶಾಖ ಅದರಲ್ಲಿ ಹಿಡಿಸುತ್ತದೆ. ಅಲ್ಲಿ ಕಲ್ಲು ಕಾಯಿಸುವುದು ಕನ್ನಡಿಯ ಬಿಸಿಲಲ್ಲ, ಅಗ್ಗವಾಗಿ ಸಿಗುವ ಹೊತ್ತಿನ ಕರೆಂಟು. ಆ ಶಾಖವನ್ನು ಮತ್ತೆ ಕರೆಂಟು ಮಾಡುವುದಿಲ್ಲ, ಊರಿನ ಮನೆಗಳನ್ನು ಬೆಚ್ಚಗಿಡುತ್ತಾರೆ.

ಪ್ಯಾನೆಲ್ ಮತ್ತು ಬ್ಯಾಟರಿಯ ಬೆಲೆ ಬಹಳ ಇಳಿದಿದೆ. ಬರೀ ಕರೆಂಟಿಗಾಗಿ ಕನ್ನಡಿ, ಗೋಪುರ, ಉಪ್ಪು ಎಂದು ಹೋಗುವುದು ಎಲ್ಲ ಕಡೆ ಲಾಭದ ಮಾತಲ್ಲ, ಅದು ನಿಜ. ಆದರೆ ಹಾಲಿನ ಡೈರಿ, ಬಣ್ಣ ಹಾಕುವ ಕಾರ್ಖಾನೆ, ಅಕ್ಕಿ ಗಿರಣಿಗಳಿಗೆ ಬೇಕಾದದ್ದು ಹಬೆ. ಅದಕ್ಕೆ ಇವತ್ತಿಗೂ ಸೌದೆ, ಹೊಟ್ಟು, ಕಲ್ಲಿದ್ದಲು ಉರಿಯುತ್ತಿವೆ. ಬಿಸಿಯನ್ನು ಬಿಸಿಯಾಗಿಯೇ ಬಳಸಿದರೆ ಕಾರ್ನೋ ಹೇಳಿದ ಆ ನಷ್ಟವೇ ಇಲ್ಲ. ಈ ವಸ್ತುಗಳ ನಿಜವಾದ ಜಾಗ ಅಲ್ಲಿದೆ ಎಂದು ನನಗನಿಸುತ್ತದೆ.

ನಮ್ಮ ದೇಶದ ಒಂದು ಉದಾಹರಣೆ ಇದೆ. ರಾಜಸ್ಥಾನದ ಅಬು ರೋಡ್‌ನಲ್ಲಿ ಬ್ರಹ್ಮಕುಮಾರಿ ಸಂಸ್ಥೆಯವರ ಇಂಡಿಯಾ ಒನ್ ಸ್ಥಾವರ. 60 ಚದರ ಮೀಟರಿನ 770 ಕನ್ನಡಿ ತಟ್ಟೆಗಳು, ಒಂದು ಮೆಗಾವ್ಯಾಟ್. ಅವರು ಶಾಖ ಕೂಡಿಡುವುದು ಬೀಡಿನಲ್ಲಿ, ದೋಸೆ ಕಾವಲಿಯ ಅದೇ ಎರಕದ ಕಬ್ಬಿಣದಲ್ಲಿ. ಪ್ರತಿ ತಟ್ಟೆಯ ಮುಂದೆ ಬೀಡಿನ ದಪ್ಪ ಮುದ್ದೆ ಇರುತ್ತದೆ. ಬಿಸಿಲು ಅದನ್ನು ಕಾಯಿಸುತ್ತದೆ. ಕೊಳವೆಯಲ್ಲಿ ನೀರು ಬಿಟ್ಟಾಗ ಹಬೆಯಾಗಿ ಬರುತ್ತದೆ. ಇಲ್ಲಿ ಶಾಖ ಹಿಡಿಯುವುದೂ ಅದೇ ಮುದ್ದೆ, ಪಾತ್ರೆಯೂ ಅದೇ. ಸೋರುವ ಮಾತೇ ಇಲ್ಲ.

ಲೋಹವನ್ನು ಕರಗಿಸಿ ಶಾಖ ಹಿಡಿಯುವವರೂ ಇದ್ದಾರೆ. ಅಲ್ಯೂಮಿನಿಯಂಗೆ ಸ್ವಲ್ಪ ಸಿಲಿಕಾನ್ ಬೆರೆಸಿದರೆ 577 ಡಿಗ್ರಿಯಲ್ಲಿ ಕರಗುತ್ತದೆ, ಕರಗುವಾಗ ಬಹಳ ಶಾಖ ನುಂಗುತ್ತದೆ. ಗಟ್ಟಿಯಾಗುವಾಗ ಅಷ್ಟನ್ನೂ ವಾಪಸ್ ಕೊಡುತ್ತದೆ. ಆದರೆ ಕರಗಿದ ಅಲ್ಯೂಮಿನಿಯಂ ಉಕ್ಕನ್ನೇ ಕರಗಿಸಿಕೊಳ್ಳುತ್ತದೆ. ಸಿಲಿಕಾನ್ ಒಂದನ್ನೇ ಕರಗಿಸೋಣವೆಂದರೆ 1,414 ಡಿಗ್ರಿ. ಅದಕ್ಕೆ ಯಾವ ಪಾತ್ರೆ?

ಪಾತ್ರೆಯೇ ಬಿಸಿಯಾಗಿರಬೇಕಿಲ್ಲ ಎಂದರೆ?

ನಾನು ಚಿಕ್ಕವನಿದ್ದಾಗ ದೀಪಾವಳಿಗೆ ಮುಂಚೆ ಅಜ್ಜಿ ಮನೆಗೆ ಸುಣ್ಣ ಹೊಡೆಯುತ್ತಿದ್ದರು. ಅರ್ಧ ಕತ್ತರಿಸಿದ ಡ್ರಮ್ಮಿಗೆ ಸುಟ್ಟ ಸುಣ್ಣದ ಹರಳು ಸುರಿದು, ಮೇಲೆ ಎರಡು ಕೊಡ ತಣ್ಣೀರು ಹಾಕುವರು. ಒಂದು ಗಳಿಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಹರಳು ಚಟ್ ಅಂತ ಸೀಳುವ ಸದ್ದು. ನೋಡನೋಡುತ್ತಲೇ ಡ್ರಮ್ಮು ಕೊತಕೊತ ಕುದಿಯಲು ಶುರು. ಕೆಳಗೆ ಒಂದು ಕಡ್ಡಿ ಬೆಂಕಿ ಇಲ್ಲ! "ದೂರ ನಿಲ್ರೋ, ಕಣ್ಣಿಗೆ ಸಿಡೀತದೆ" ಎಂದು ಅಜ್ಜಿ ಗದರುತ್ತಿದ್ದರು. ಆ ಬಿಸಿ ಎಲ್ಲಿಂದ ಬಂತು ಎಂದು ಆಗ ಗೊತ್ತಾಗಲಿಲ್ಲ. ಎಷ್ಟೋ ದಿನದ ಹಿಂದೆ ಸುಣ್ಣದ ಗೂಡಿನಲ್ಲಿ ಉರಿದ ಬೆಂಕಿಯದೇ ಒಂದು ಪಾಲು ಅದು. ತಣ್ಣಗಿನ ಕಲ್ಲಿನೊಳಗೆ ಕೂತು ಕಾಯುತ್ತಿತ್ತು.

ಈ ದಾರಿಯಲ್ಲಿ ಶಾಖ ಬಿಸಿಯ ರೂಪದಲ್ಲಿ ಇರುವುದೇ ಇಲ್ಲ. ಸುಣ್ಣದ ಕಲ್ಲನ್ನು 900 ಡಿಗ್ರಿ ಹತ್ತಿರ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ಎರಡನ್ನೂ ಬೇರೆ ಬೇರೆ ಇಟ್ಟರೆ ತಿಂಗಳುಗಟ್ಟಲೆ ತಣ್ಣಗಿರಬಹುದು. ಮತ್ತೆ ಬಿಸಿಯ ನಡುವೆ ಸೇರಿಸಿದರೆ ಹಿಡಿದಿಟ್ಟ ಶಾಖ ಹೊರಬರುತ್ತದೆ. ಕಿಲೋ ಕಲ್ಲಿಗೆ ಸುಮಾರು 1,780 ಕಿಲೋಜೂಲ್, ಕರಗಿದ ಉಪ್ಪಿನ ನಾಲ್ಕು ಪಟ್ಟಿಗಿಂತ ಜಾಸ್ತಿ. ಬೇಸಿಗೆಯ ಬಿಸಿಲನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬಹುದಾದ ದಾರಿ ಇದು.

ಹಾಗಾದರೆ ಇನ್ನೂ ಯಾಕೆ ಬಂದಿಲ್ಲ? ಇಲ್ಲಿ ಪಾತ್ರೆ ಅಲ್ಲ, ವಸ್ತುವೇ ದಣಿಯುತ್ತದೆ. ಸುಣ್ಣ ಸುಡುವವರಿಗೆ ಇದು ಹಳೆಯ ಅನುಭವ. ಉರಿ ಜಾಸ್ತಿಯಾದರೆ ಹರಳು ಬಿಗಿದು ಸತ್ತ ಸುಣ್ಣವಾಗುತ್ತದೆ, ನೀರು ಹಾಕಿದರೂ ಅರಳುವುದಿಲ್ಲ. ಮತ್ತೆ ಮತ್ತೆ ಸುಟ್ಟಾಗಲೂ ಹೀಗೇ. ಒಳಗಿನ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಅನಿಲ ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಹತ್ತಾರು ಸುತ್ತುಗಳಲ್ಲೇ ಸುಣ್ಣ ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಆದರೆ ಸ್ಥಾವರಕ್ಕೆ ಸಾವಿರಾರು ಸುತ್ತು ಬೇಕು.

ಸಂಶೋಧಕರು ಕಂಡುಕೊಂಡಿರುವ ಒಂದು ಮದ್ದು ಡೋಲಮೈಟ್. ಅದರಲ್ಲಿ ಸುಣ್ಣದ ಜೊತೆ ಮೆಗ್ನೀಸಿಯಂ ಇರುತ್ತದೆ. ಸುಟ್ಟಾಗ ಮೆಗ್ನೀಸಿಯಂ ಆಕ್ಸೈಡ್‌ನ ಕಣಗಳು ಸುಣ್ಣದ ಕಣಗಳ ನಡುವೆ ಅಡ್ಡ ನಿಂತು, ಅವು ಒಂದಕ್ಕೊಂದು ಅಂಟಿಕೊಳ್ಳದ ಹಾಗೆ ತಡೆಯುತ್ತವೆ. ಬರೀ ಸುಣ್ಣದ ಕಲ್ಲಿಗಿಂತ ಡೋಲಮೈಟ್ ಜಾಸ್ತಿ ಸುತ್ತು ಬಾಳುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ನೆಲದಲ್ಲಿ ಸುಣ್ಣದ ಕಲ್ಲೂ ಇದೆ, ಡೋಲಮೈಟೂ ಇದೆ. ಬಿಸಿಲಂತೂ ಕೇಳುವುದೇ ಬೇಡ.